ನವರಾತ್ರಿ ಮುಗಿದರೂ ಚಪ್ಪಲಿ ಹಾಕದವಳು

ನಾನು ಬರಿಗಾಲಲ್ಲಿ ಓಡಲು ಶುರು ಮಾಡಿದ್ದು ನವರಾತ್ರಿಯ ಮೊದಲ ದಿನ. 2024ರ ಅಕ್ಟೋಬರ್ 3, ಗುರುವಾರ. ಭಕ್ತಿ ಗಿಕ್ತಿ ಏನೂ ಇಲ್ಲ. ಬರೀ ಉಪಾಯ.

ಮುಂಬೈಯಲ್ಲಿ ಆ ಒಂಬತ್ತು ದಿನ ಚಪ್ಪಲಿ ಬಿಡುವ ಹೆಂಗಸರು ಬೇಕಾದಷ್ಟಿದ್ದಾರೆ. ಬೆಳಿಗ್ಗೆ ಲೋಕಲ್‌ನ ಲೇಡೀಸ್ ಡಬ್ಬಿ ಹತ್ತಿದರೆ ಗೊತ್ತಾಗುತ್ತದೆ. ಹಳದಿಯ ದಿನ ಇಡೀ ಡಬ್ಬಿ ಹಳದಿ, ಹಸಿರಿನ ದಿನ ಹಸಿರು. ತಲೆ ತಗ್ಗಿಸಿ ನೋಡಿದರೆ ನಾಲ್ಕೈದು ಜೊತೆ ಬರಿಗಾಲು. ಯಾರೂ ಏನೂ ಕೇಳುವುದಿಲ್ಲ. ತುಳಿಯದ ಹಾಗೆ ಸ್ವಲ್ಪ ಸರಿದು ನಿಲ್ಲುತ್ತಾರೆ, ಅಷ್ಟೇ. ಸೋಮವಾರ ರಾತ್ರಿ ಸಿದ್ಧಿವಿನಾಯಕನಿಗೆ ನಡೆದು ಹೋಗುವವರಿಗೂ ಅದೇ ಮರ್ಯಾದೆ. ಈ ಊರಲ್ಲಿ ದೇವರಿಗಾಗಿ ಚಪ್ಪಲಿ ಬಿಟ್ಟರೆ ದಾರಿ ಬಿಡುತ್ತಾರೆ. ಕೊಳ್ಳಲು ದುಡ್ಡಿಲ್ಲದೆ ಬರಿಗಾಲಾದರೆ ಯಾರ ಕಣ್ಣಿಗೂ ಬೀಳುವುದೇ ಇಲ್ಲ. ಎರಡೂ ಅಲ್ಲದೆ, ಮನೆಯಲ್ಲಿ ಶೂ ಇಟ್ಟು ಸುಮ್ನೆ ಬಂದೆ ಅಂದರೆ ಮಾತ್ರ ತಲೆ ಕೆಟ್ಟಿದೆ ಅಂತ ಲೆಕ್ಕ.

ಹಾಗಾಗಿ ನವರಾತ್ರಿಯ ಮರೆಯಲ್ಲಿ ಶುರು ಮಾಡಿದೆ. ಒಂಬತ್ತು ದಿನ ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತ ಬರಿಗಾಲಲ್ಲಿ ತಿರುಗಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಒಬ್ಬ ಅಜ್ಜಿಯಂತೂ ಕೈ ಮುಗಿದರು. ದಸರಾ ಮರುದಿನವೂ ನಾನು ಹಾಗೇ ಬಂದಾಗ ಕಟ್ಟೆಯ ಮೇಲೆ ಕೂತಿದ್ದ ಹುಡುಗನೊಬ್ಬ ಕೇಳಿದ: "ಕಾಕೂ, ಚಪ್ಪಲ್ ಹರವ್ಲೀ ಕಾ?" ಚಪ್ಪಲಿ ಕಳೆದುಹೋಯಿತಾ ಅಂತ. ಅಲ್ಲಿಂದ ಶುರುವಾಯಿತು ನೋಡಿ.

ನನಗೆ 43 ವರ್ಷ. ಊರು ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದು ಮಾಟುಂಗಾ. ವಿಮೆ ಕಂಪನಿಯಲ್ಲಿ ಕೆಲಸ. ಒಬ್ಬ ಮಗ, ಹತ್ತನೇ ಕ್ಲಾಸು. ಫೈವ್ ಗಾರ್ಡನ್ಸ್‌ನಲ್ಲಿ ಬೆಳಿಗ್ಗೆ ಓಡುವ ಒಂದು ಗುಂಪಿನ ಜೊತೆ ಒಂದೂವರೆ ವರ್ಷದಿಂದ ಓಡುತ್ತಿದ್ದೆ, ಒಳ್ಳೆಯ ದಪ್ಪ ಅಟ್ಟೆಯ ಶೂ ಹಾಕಿಕೊಂಡು. ಬಲಮಂಡಿ ಆಗಾಗ ಹಿಡಿದುಕೊಳ್ಳುತ್ತಿತ್ತು. ಮೂರನೇ ಜೊತೆ ಶೂಗೆ ಒಂಬತ್ತು ಸಾವಿರ ಕೊಟ್ಟ ಮೇಲೂ ಹಿಡಿದುಕೊಂಡಿತು. ಗುಂಪಿನಲ್ಲಿ ಒಬ್ಬ ತಮಿಳು ಮಾಮ ಇದ್ದಾರೆ. ರಿಟೈರ್ ಆಗಿ ನಾಲ್ಕು ವರ್ಷ ಆಯಿತು. ಅವರು ಓಡುವುದು ಬರಿಗಾಲಲ್ಲೇ. ಒಂದು ದಿನ ನನ್ನ ಹಿಂದೆಯೇ ಓಡಿ ಬಂದು ಹೇಳಿದರು: "ನೀನು ಬರೋದು ನೋಡಬೇಕಾಗಿಲ್ಲ. ಕೇಳಿದ್ರೆ ಸಾಕು."

ಹೌದು, ನನ್ನ ಕಾಲು ಧಪ್ ಧಪ್ ಅನ್ನುತ್ತಿತ್ತು. ಅವರದ್ದು ಸದ್ದೇ ಇಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಮೆಲ್ಲಗೆ ಇಟ್ಟ ಹಾಗೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಆಮೇಲೆ ನನ್ನ ಮಂಡಿ ನೋವು ಹೋಯಿತು, ನಿಜ. ಆದರೆ ಅದು ಬರಿಗಾಲಿನಿಂದಲೇ ಹೋಯಿತು ಅಂತ ನಾನು ಆಣೆ ಮಾಡುವುದಿಲ್ಲ. ಅದೇ ಸಮಯದಲ್ಲಿ ಐದು ಕಿಲೋ ಇಳಿದಿದ್ದೆ, ಓಡುವ ದೂರವನ್ನೂ ಅರ್ಧಕ್ಕರ್ಧ ಕಡಿಮೆ ಮಾಡಿದ್ದೆ. ಯಾವುದಕ್ಕೆ ಹೋಯಿತೋ ಆ ಮಂಡಿಗೇ ಗೊತ್ತು.

ಮಳೆ ನಿಲ್ಲುವ ತನಕ ಕಾಯಿ ಅಂದದ್ದೂ ಮಾಮನೇ. ಇದು ಮುಂಬೈಯ ಮಾತು, ಬೇರೆ ಊರಿನವರಿಗೆ ಅಷ್ಟು ಬೇಗ ಹೊಳೆಯುವುದಿಲ್ಲ. ಮಳೆಗಾಲದಲ್ಲಿ ರಸ್ತೆಯಲ್ಲಿ ನಿಂತ ನೀರಿಗೆ ಇಲಿಯ ಉಚ್ಚೆ ಸೇರಿರುತ್ತದೆ. ಕಾಲಲ್ಲಿ ಸಣ್ಣ ಗೀರಿದ್ದರೂ ಸಾಕು, ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿ ಜ್ವರ, ಬರಬಹುದು. 2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತ್ತಲ್ಲ, ಅದಾದ ಮೇಲೆ ಆ ಜ್ವರ ಊರೆಲ್ಲ ಹರಡಿತ್ತು. ಆಗ ನಾನು ಸೊಂಟದವರೆಗಿನ ನೀರಿನಲ್ಲಿ ಕಿಂಗ್ಸ್ ಸರ್ಕಲ್ ದಾಟಿದವಳು. ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು! ಚಪ್ಪಲಿ ಹಾಳಾಗುತ್ತದೆ ಅಂತ ಕಾಲನ್ನು ಕೊಚ್ಚೆಗೆ ಕೊಟ್ಟಿದ್ದೆ. ಈಗ ನೆನೆಸಿಕೊಂಡರೆ ಮೈ ಝುಂ ಅನ್ನುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಬರಿಗಾಲು ಇಲ್ಲ. ಶುರು ಮಾಡುವ ಮೊದಲು ಒಂದು ಟಿಟಿ ಇಂಜೆಕ್ಷನ್ ಕೂಡ ಚುಚ್ಚಿಸಿಕೊಂಡೆ.

ಜುಹೂ ಬೀಚಿನ ಮರಳಲ್ಲಿ ಶುರು ಮಾಡೋಣ, ಮೆತ್ತಗಿರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಬೇಡ ಅಂದರು ಮಾಮ. ಮರಳು ಇಳಿಜಾರು, ಕಾಲು ಹೂತುಕೊಳ್ಳುತ್ತದೆ, ಮೀನಖಂಡಕ್ಕೆ ಪೆಟ್ಟು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ ಮರಳಲ್ಲಿ ಹೇಗೆ ಬೇಕಾದರೂ ಓಡಬಹುದು, ತಪ್ಪು ಗೊತ್ತಾಗುವುದಿಲ್ಲ. ಗಟ್ಟಿ ನೆಲದ ಮೇಲೆ ಹಿಮ್ಮಡಿ ಕುಟ್ಟಿ ಓಡಿ ನೋಡಿ. ಹತ್ತು ಹೆಜ್ಜೆಗೆ ನೆಲವೇ ಬುದ್ಧಿ ಹೇಳುತ್ತದೆ.

ಮೊದಲ ದಿನ ನಾನು ಓಡಿದ್ದು ಸುಮಾರು ಮುನ್ನೂರು ಮೀಟರ್. ಶಿವಾಜಿ ಪಾರ್ಕಿನ ಒಂದು ಸುತ್ತು 1.17 ಕಿಲೋಮೀಟರ್. ಅದರ ಕಾಲು ಭಾಗ ಓಡಿ, ಉಳಿದದ್ದು ನಡೆದೆ. ಮರುದಿನ ಮೀನಖಂಡ ಎರಡೂ ಕಲ್ಲಾಗಿದ್ದವು. ಮನೆಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿದೆ. ನವರಾತ್ರಿ ಕಳೆದ ಮೇಲೆ ವಾರಕ್ಕೆ ಮೂರು ದಿನ ಬರಿಗಾಲು, ಉಳಿದ ದಿನ ಶೂ ಅಂತ ಇಟ್ಟುಕೊಂಡೆ. ಹೆಜ್ಜೆ ಚಿಕ್ಕದು, ಆದರೆ ಬೇಗ ಬೇಗ. ನಿಮಿಷಕ್ಕೆ 150ರ ಹತ್ತಿರ ಇದ್ದ ನನ್ನ ಹೆಜ್ಜೆ 175ಕ್ಕೆ ಏರಿತು. ಹದಿನೈದು ಸೆಕೆಂಡಿನಲ್ಲಿ ಎಷ್ಟು ಬಿತ್ತು ಅಂತ ಎಣಿಸಿ ನಾಲ್ಕರಿಂದ ಗುಣಿಸುವುದು. ಲೆಕ್ಕ ತಪ್ಪಿದರೆ ಇನ್ನೊಂದು ಸಲ. ಅಷ್ಟರಲ್ಲಿ ಸುತ್ತು ಮುಗಿದಿರುತ್ತದೆ.

ನವೆಂಬರ್ ಕೊನೆಗೆ ದುರಾಸೆ ಬಂತು. ಒಂದೇ ವಾರದಲ್ಲಿ ನಾಲ್ಕು ಕಿಲೋಮೀಟರಿನಿಂದ ಏಳಕ್ಕೆ ಹಾರಿದೆ. ಎಡಪಾದದ ಮೇಲ್ಭಾಗ, ಬೆರಳುಗಳ ಹಿಂದೆ, ಒತ್ತಿದರೆ ಜೀವ ಹೋಗುವ ನೋವು. ಅಲ್ಲಿನ ಉದ್ದ ಮೂಳೆಗಳೇ ಬರಿಗಾಲಿಗೆ ಹೊಸಬರಾದವರಲ್ಲಿ ಬಿರುಕು ಬಿಡುವುದು. 2013ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಅನುಭವ ಇರುವ ಓಟಗಾರರಿಗೇ ಬೆರಳುಬೆರಳಾಗಿರುವ ತೆಳು ಶೂ ಕೊಟ್ಟು ಹತ್ತು ವಾರ ಓಡಿಸಿ ನೋಡಿದರೆ, 19 ಜನರಲ್ಲಿ 10 ಜನರ ಪಾದದ ಮೂಳೆಯೊಳಗೆ ಊತ ಜಾಸ್ತಿಯಾಗಿತ್ತು. ಅದನ್ನು ಮೊದಲೇ ಓದಿದ್ದೆ. ಓದಿಯೂ ಹಾರಿದ್ದೆ. ಎಕ್ಸ್-ರೇಯಲ್ಲಿ ಬಿರುಕು ಕಾಣಲಿಲ್ಲ. ಮೂರು ವಾರ ಬರೀ ನಡಿಗೆ.

ಆ ಮೂರು ವಾರದಲ್ಲಿ ಓದಿದ್ದೇ ಓದಿದ್ದು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದದ್ದು ಎಲ್ಲರಿಗೂ ಗೊತ್ತು. 2 ಗಂಟೆ 15 ನಿಮಿಷ 16 ಸೆಕೆಂಡು. ಆದರೆ ಬರಿಗಾಲಿನ ಭಕ್ತರು ಮುಂದಿನದನ್ನು ಮೆಲ್ಲಗೆ ಬಿಟ್ಟುಬಿಡುತ್ತಾರೆ. ನಾಲ್ಕು ವರ್ಷ ಬಿಟ್ಟು ಟೋಕಿಯೋದಲ್ಲಿ ಅದೇ ಮನುಷ್ಯ ಶೂ ಹಾಕಿಕೊಂಡು ಓಡಿ, ಇನ್ನೂ ಮೂರು ನಿಮಿಷ ಬೇಗ ಮುಗಿಸಿ, ಮತ್ತೆ ಚಿನ್ನ ತಗೊಂಡ. ನಮ್ಮ ದೇಶದ ಶಿವನಾಥ್ ಸಿಂಗ್ ಕೂಡ ಬರಿಗಾಲಲ್ಲಿ ಓಡುತ್ತಿದ್ದವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷ ದಶಕಗಳ ಕಾಲ ಭಾರತದ ದಾಖಲೆಯಾಗಿ ಉಳಿಯಿತು. ಅವರ ಹೆಸರು ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಬರಿಗಾಲಲ್ಲಿ ಓಡುವ ಮಾಡೆಲ್ ಮಿಲಿಂದ್ ಸೋಮನ್ ಹೆಸರು ಮಾತ್ರ ಎಲ್ಲರಿಗೂ ಗೊತ್ತು, ಅದಕ್ಕೆ ಬೇರೆ ಕಾರಣಗಳೂ ಇವೆ ಬಿಡಿ.

ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ 2010ರಲ್ಲಿ ಬರೆದ ಪ್ರಬಂಧವೇ ಈ ಹುಚ್ಚಿಗೆಲ್ಲ ದೊಡ್ಡ ಆಧಾರ. ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಿದವರು ಜಾಸ್ತಿಯಾಗಿ ಮುಂಗಾಲಿನ ಮೇಲೆ ಇಳಿಯುತ್ತಾರೆ, ಹಿಮ್ಮಡಿ ನೆಲಕ್ಕೆ ಬಡಿದಾಗ ಬರುವ ಆ ಮೊದಲ ಪೆಟ್ಟು ಅವರಿಗೆ ಬೀಳುವುದಿಲ್ಲ ಅಂತ. ಸರಿ. ಆದರೆ 2013ರಲ್ಲಿ ಬೇರೆಯವರು ಹೋಗಿ ಉತ್ತರ ಕೀನ್ಯಾದ ದಾಸನಚ್ ಜನರನ್ನು ಓಡಿಸಿ ನೋಡಿದರು. ಅವರೂ ಬರಿಗಾಲಿನವರೇ. ತಮಗೆ ಹಿತವಾದ ವೇಗದಲ್ಲಿ ಓಡುವಾಗ ಹೆಚ್ಚಿನವರು ಹಿಮ್ಮಡಿಯ ಮೇಲೇ ಇಳಿದರು. ಮಾಮನಿಗೆ ಇದನ್ನು ಹೇಳಿದೆ. "ನಿನ್ನದು ಸದ್ದು ಬರ್ತಿದ್ಯಾ ಇಲ್ವಾ, ಅದು ಹೇಳು" ಅಂದರು.

ಮಗನ ಜೊತೆಯೂ ವಾದ ನಡೆಯುತ್ತಿತ್ತು. ಶೂ ಇಲ್ಲದವರು ಜೋರಾಗಿ ಓಡೋದು ಹಳೆ ಕಾಲದ ಮಾತು ಅಂದ. ನಾನು ಕಂಬಳ ತೆಗೆದೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ ಕೆಸರುಗದ್ದೆಯಲ್ಲಿ, ಬರಿಗಾಲಲ್ಲಿ, 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು, ಗೊತ್ತಾ? ಅವನು ಫೋನಿನಿಂದ ತಲೆ ಎತ್ತದೆ ಹೇಳಿದ: "ಎಳೆದದ್ದು ಕೋಣ ಅಮ್ಮಾ. ನಿನ್ನ ಮುಂದೆ ಯಾರು ಓಡ್ತಾರೆ?"

ಇನ್ನು ಕಾಲುಂಗುರದ ಕತೆ. ಇದನ್ನು ಯಾವ ಪ್ರಬಂಧದಲ್ಲೂ ಬರೆದಿಲ್ಲ, ಬರೆದವರೆಲ್ಲ ಗಂಡಸರು ಇರಬೇಕು. ಶೂ ಒಳಗಿದ್ದಾಗ ಕಾಲುಂಗುರ ಇರುವುದೇ ಮರೆತುಹೋಗುತ್ತದೆ. ಬರಿಗಾಲಲ್ಲಿ ಬೆರಳು ಅಗಲವಾಗಿ ಹರಡುತ್ತದೆ, ನೆಲವನ್ನು ಹಿಡಿಯುತ್ತದೆ, ಬಿಡುತ್ತದೆ. ಪ್ರತಿ ಹೆಜ್ಜೆಗೂ ಉಂಗುರದ ಅಡಿಭಾಗ ಬೆರಳಿನ ಬುಡಕ್ಕೆ ಒತ್ತುತ್ತದೆ. ಎರಡು ಕಿಲೋಮೀಟರ್ ಆಗುವಾಗ ಚರ್ಮ ಕೆಂಪು, ಮೂರಕ್ಕೆ ಗುಳ್ಳೆ. ತೆಗೆಯಲೇಬೇಕಾಯಿತು. ಹದಿನೆಂಟು ವರ್ಷದಿಂದ ಅಲ್ಲೇ ಇದ್ದದ್ದು, ಎಲ್ಲಿ ಬರುತ್ತದೆ? ಬಚ್ಚಲಲ್ಲಿ ಕೂತು ತೆಂಗಿನೆಣ್ಣೆ ಹಚ್ಚಿ, ಸೋಪು ಹಚ್ಚಿ, ಕೊನೆಗೆ ಇವರು ಬೆರಳಿಗೆ ಹೊಲಿಗೆ ದಾರ ಸುತ್ತಿ ಸುತ್ತಿ ಒಂದೊಂದೇ ಎಳೆ ಬಿಚ್ಚುತ್ತಾ ಹೊರಗೆ ತಂದರು. ತೆಗೆದ ಜಾಗದಲ್ಲಿ ಬೆಳ್ಳಗೆ, ನುಣ್ಣಗೆ ಒಂದು ಪಟ್ಟಿ. ಮೂಲೆಯಲ್ಲಿಟ್ಟು ಮರೆತ ಪಾತ್ರೆಯ ಅಡಿಯ ಹಾಗೆ, ಹದಿನೆಂಟು ವರ್ಷ ಬೆಳಕು ಕಾಣದ ಚರ್ಮ.

ಊರಿನಿಂದ ಬಂದಿದ್ದ ಅಮ್ಮನ ಕಣ್ಣಿಗೆ ಸಂಜೆಯೇ ಬಿತ್ತು. "ಎಂತ ಮರ್ಲಾ ನಿಂಗೆ? ಗಂಡ ಗಟ್ಟಿ ಕೂತಿರುವಾಗ ಕಾಲುಂಗುರ ತೆಗೀತಾರಾ?" ಗಟ್ಟಿ ಕೂತಿದ್ದ ಗಂಡನೇ ತೆಗೆದದ್ದು ಅಂದೆ. ಇವರು ಟಿವಿಯ ಸೌಂಡು ಜಾಸ್ತಿ ಮಾಡಿದರು. ಕೊನೆಗೆ ಒಪ್ಪಂದ ಆಯಿತು. ಓಡುವಾಗ ಉಂಗುರ ಎರಡೂ ಕತ್ತಿನ ಸರದಲ್ಲಿ, ಮನೆಗೆ ಬಂದ ಮೇಲೆ ಕಾಲಲ್ಲಿ.

ಅಮ್ಮನ ಸಿಟ್ಟು ಉಂಗುರದ್ದು ಮಾತ್ರ ಆಗಿರಲಿಲ್ಲ. ಅಪ್ಪ ಹದಿಮೂರನೇ ವಯಸ್ಸಿನಲ್ಲಿ ಮಾಟುಂಗಾದ ಹೋಟೆಲಿಗೆ ಕಪ್ಪು ತೊಳೆಯಲು ಬಂದವರು. ಹಗಲು ಕೆಲಸ, ರಾತ್ರಿ ಕನ್ನಡದ ನೈಟ್ ಸ್ಕೂಲ್. ಅಡುಗೆಮನೆಯ ನೆಲದಲ್ಲಿ ಯಾವಾಗಲೂ ನೀರು, ಕಾಲಿಗೆ ಏನೂ ಇಲ್ಲ. ಬೆರಳ ಸಂದಿ ಕೊಳೆತು ಬಿಳಿಯಾಗುತ್ತಿತ್ತಂತೆ, ರಾತ್ರಿ ಅರಿಶಿನ ತುಂಬಿಕೊಂಡು ಮಲಗುತ್ತಿದ್ದರಂತೆ. ನಾವು ಮಕ್ಕಳಾಗಿದ್ದಾಗ ಚಾಳಿನ ಹೊರಗೆ ಬರಿಗಾಲಲ್ಲಿ ಕಾಲಿಟ್ಟರೆ ಹೊಡೆಯುತ್ತಿದ್ದರು. ಬೇರೆ ಯಾವುದಕ್ಕೂ ಹೊಡೆದವರಲ್ಲ. ಅಮ್ಮ ಒಂದೇ ಮಾತು ಹೇಳಿದರು: "ಚಪ್ಪಲಿ ಹಾಕುದಕ್ಕೆ ಅವ್ರು ಅಲ್ಲಿಂದ ಇಲ್ಲಿಗೆ ಬಂದದ್ದು. ನೀನು ದುಡ್ಡು ಕೊಟ್ಟು ಬಿಡ್ತಿದ್ದಿ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಓಟದ ಶುಲ್ಕ ಸಾವಿರದ ಇನ್ನೂರು ರೂಪಾಯಿ ಆಗಲೇ ಕಟ್ಟಿಯಾಗಿತ್ತು.

ಹೌದು, ಓಟ. ಜನವರಿ ಮೂರನೇ ಭಾನುವಾರ ನಡೆಯುವ ದೊಡ್ಡ ಮುಂಬೈ ಮ್ಯಾರಥಾನ್ ಅಲ್ಲ. ಅದು 2004ರಿಂದ ನಡೆಯುತ್ತಿದೆ, ನಮ್ಮ ಮಾಹಿಮ್ ದಾಟಿಯೇ ಹೋಗುತ್ತದೆ. ಆ ದಿನ ರಸ್ತೆ ಬದಿಯಲ್ಲಿ ನಿಂತು ಒಂದು ಗಂಟೆ ಬರೀ ಕಾಲುಗಳನ್ನು ನೋಡಿದೆ. ಮುಖ ನೋಡಲೇ ಇಲ್ಲ. ಬರಿಗಾಲು ಕಂಡದ್ದು ಆರು ಜೊತೆ. ಒಬ್ಬರು ಒಂಬತ್ತು ಗಜದ ಸೀರೆ ಉಟ್ಟಿದ್ದರು, ನಾನು ಚಪ್ಪಾಳೆ ತಟ್ಟಿ ತಟ್ಟಿ ಕೈ ಉರಿಯಿತು. ನಾನು ಹೆಸರು ಕೊಟ್ಟದ್ದು ಫೆಬ್ರವರಿಯಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದ್ದ ಒಂದು ಸಣ್ಣ ಓಟಕ್ಕೆ. ಹತ್ತು ಕಿಲೋಮೀಟರ್. ಎಲ್ಲರೂ ಹೇಳಿದ ಕಾರಣ ಒಂದೇ: ಬಿಕೆಸಿಯ ರಸ್ತೆ ಚೆನ್ನಾಗಿದೆ.

ಬೆಳಿಗ್ಗೆ ಐದೂವರೆಗೆ ಅಲ್ಲಿದ್ದೆ. ಇನ್ನೂ ಕತ್ತಲೆ. ಗಾಜಿನ ಕಟ್ಟಡಗಳ ಮಧ್ಯೆ ಎಲ್ಲಿಂದಲೋ ಮಿಠಿ ನದಿಯ ವಾಸನೆ, ಅದರ ಮೇಲೆ ಯಾರೋ ಬಳಿದುಕೊಂಡ ನೋವಿನ ಮುಲಾಮಿನ ವಾಸನೆ. ನೆಲ ತಣ್ಣಗಿತ್ತು. ಎಲ್ಲರೂ ಕೈ ಕಾಲು ಆಡಿಸುತ್ತಾ ಇದ್ದರು. ನಾನು ಮಾತ್ರ ನಿಂತಲ್ಲೇ ಕಾಲು ಉಜ್ಜಿ ಉಜ್ಜಿ ನೆಲ ನೋಡುತ್ತಿದ್ದೆ, ಕೋಳಿ ಕೆದಕಿದ ಹಾಗೆ.

ಮೊದಲ ತೊಡಕು ಚಿಪ್ಪಿನದ್ದು. ಸಮಯ ಅಳೆಯುವ ಆ ಚಿಪ್ಪನ್ನು ಶೂ ಲೇಸಿಗೆ ಕಟ್ಟಬೇಕಂತೆ. ಕೌಂಟರಿನ ಹುಡುಗ ನನ್ನ ಮುಖ ನೋಡದೆ, "ಮ್ಯಾಡಮ್, ಲೇಸ್ ಮೇ ಡಾಲ್ ದೀಜಿಯೇ" ಅಂದ. ಕಾಲು ತೋರಿಸಿದೆ. ಬಗ್ಗಿ ನೋಡಿದ. ಪಕ್ಕದವನನ್ನು ಕರೆದ. ಇಬ್ಬರೂ ಬಗ್ಗಿ ನೋಡಿದರು. "ಶೂ ಕಹಾಂ ಹೈ?" ಶೂ ಇಲ್ಲ ಅಂದೆ. "ತೋ ಚಿಪ್ ಕಹಾಂ ಲಗೇಗಾ?" ಅವನ ಪ್ರಶ್ನೆಯೂ ಸರಿಯೇ. ಕೊನೆಗೆ ಜಡೆಯ ತುದಿಯ ರಬ್ಬರ್ ಬ್ಯಾಂಡ್ ತೆಗೆದು ಚಿಪ್ಪನ್ನು ಕಣಕಾಲಿಗೆ ಸಿಕ್ಕಿಸಿದೆ, ಜಡೆಯನ್ನು ತುರುಬು ಕಟ್ಟಿದೆ. ಚಪ್ಪಲಿಯನ್ನು ಬ್ಯಾಗಿಗೆ ಹಾಕಿ ಬ್ಯಾಗ್ ಕೌಂಟರಿಗೆ ಕೊಟ್ಟೆ. ಈ ಬ್ಯಾಗನ್ನು ನೆನಪಿಟ್ಟುಕೊಳ್ಳಿ.

ಆರು ಕಾಲಕ್ಕೆ ಬಿಟ್ಟರು. ಮೊದಲ ಐನೂರು ಮೀಟರ್ ನನಗೆ ಇದ್ದದ್ದು ಒಂದೇ ಭಯ, ಯಾರಾದರೂ ತುಳಿದರೆ! ಸುತ್ತಲೂ ದಪ್ಪ ಅಟ್ಟೆಗಳು. ಬೆಳಗಿನ ಲೋಕಲ್‌ನಲ್ಲಿ ಕಾಲು ಉಳಿಸಿಕೊಂಡವಳಿಗೆ ಇದು ಹೊಸದೇನಲ್ಲ, ಆದರೂ ಬದಿಗೆ ಸರಿದೆ. ಬದಿಯಲ್ಲಿ ಬಿಳಿ ಗೆರೆ ಇತ್ತು. ಬರಿಗಾಲಿನವರಿಗೆ ರಸ್ತೆಯಂಚಿನ ಬಿಳಿ ಗೆರೆ ದೇವರು ಕೊಟ್ಟದ್ದು. ಡಾಂಬರಿನ ಜಲ್ಲಿಯ ಮೂತಿಗಳೆಲ್ಲ ಆ ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತವೆ. ಬಿಸಿಲಲ್ಲೂ ಕಪ್ಪು ಡಾಂಬರಿನಷ್ಟು ಕಾಯುವುದಿಲ್ಲ. ಅಂಗೈ ಅಗಲದ ಆ ಪಟ್ಟಿಯ ಮೇಲೆ ಒಂದರ ಹಿಂದೆ ಒಂದು ಕಾಲಿಟ್ಟು ದೊಂಬರಾಟದವರ ಹಾಗೆ ಹೋದೆ. ಎಲ್ಲಿ ಗೆರೆ ಅಳಿಸಿದೆಯೋ ಅಲ್ಲಿ ಪಾದಕ್ಕೆ ಥಟ್ಟನೆ ಗೊತ್ತಾಗುತ್ತಿತ್ತು.

ಆಮೇಲೆ ಮೂರು ಕಿಲೋಮೀಟರ್ ಸುಖವೋ ಸುಖ. ಹೇಳಲು ಹೆಚ್ಚೇನೂ ಇಲ್ಲ. ಕಾಂಕ್ರೀಟು ನುಣುಪಾಗಿತ್ತು, ಬೆಳಕು ಹರಿಯುತ್ತಿತ್ತು, ನನ್ನ ಕಾಲಿನ ಸದ್ದು ನನಗೇ ಕೇಳುತ್ತಿರಲಿಲ್ಲ. ಮುಂದೆ ಓಡುತ್ತಿದ್ದ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದ ನನ್ನನ್ನು ನೋಡಿ ಬೆಚ್ಚಿದಳು. ಅದು ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು.

ನಾಲ್ಕೂವರೆಯಲ್ಲಿ ನೀರಿನ ಟೇಬಲ್ಲು. ಶೂ ಹಾಕಿದವರಿಗೆ ಅದು ನೀರಿನ ಟೇಬಲ್ಲು, ನನಗೆ ಯುದ್ಧಭೂಮಿ. ರಸ್ತೆಯ ತುಂಬ ಬಾಟಲಿಯ ಮುಚ್ಚಳಗಳು, ಹಲ್ಲು ಮೇಲೆ ಮಾಡಿಕೊಂಡು ಬಿದ್ದಿದ್ದವು. ಕಿತ್ತಳೆ ಸಿಪ್ಪೆ. ಚೆಲ್ಲಿದ ಸಿಹಿ ನೀರು ಅಂಟಂಟು. ಅದಕ್ಕಿಂತ ಕೆಟ್ಟದ್ದು ಒದ್ದೆ. ಒಣಗಿದ ಪಾದ ಎಷ್ಟು ಬೇಕಾದರೂ ತಡೆಯುತ್ತದೆ, ನೆನೆದು ಮೆತ್ತಗಾದ ಚರ್ಮಕ್ಕೆ ಬೇಗ ಗುಳ್ಳೆ ಬರುತ್ತದೆ. ನಾನು ಫುಟ್‌ಪಾತ್ ಹತ್ತಿ, ನೀರು ಕುಡಿಯದೆ ದಾಟಿದೆ. ಸ್ವಯಂಸೇವಕರ ಹುಡುಗಿ ಬಾಟಲಿ ಹಿಡಿದು ನನ್ನ ಹಿಂದೆಯೇ ಓಡಿ ಬಂದಳು, ಪಾಪ.

ಏಳನೇ ಕಿಲೋಮೀಟರಿನಲ್ಲಿ ಮೆಟ್ರೋ ಕೆಲಸದ ತಗಡಿನ ಗೋಡೆ. ಅದರ ಪಕ್ಕ ರಸ್ತೆ ಅಗೆದು ಮುಚ್ಚಿದ್ದರು. ಮುಚ್ಚಿದ್ದು ಅಂದರೆ ಜಲ್ಲಿ ಸುರಿದು ಬಿಟ್ಟಿದ್ದು. ಇನ್ನೂರು ಮೀಟರ್ ಇರಬಹುದು. ಮಾರ್ಗದ ನಕ್ಷೆಯಲ್ಲಿ ಅದೂ ನುಣ್ಣಗಿನ ಒಂದು ನೀಲಿ ಗೆರೆಯೇ. ಬಿಳಿ ಗೆರೆ ಇಲ್ಲ, ಫುಟ್‌ಪಾತ್ ಇಲ್ಲ. ಓಟ ನಿಂತು ನಡಿಗೆಯಾಯಿತು. ನಡಿಗೆ ನಿಂತು ಅದೇನೋ ಆಯಿತು, ಬಿಸಿ ಕಾವಲಿಯ ಮೇಲೆ ಬೆಕ್ಕು ನಡೆದ ಹಾಗೆ. ಹಿಂದೆ ಬಿಟ್ಟು ಬಂದವರೆಲ್ಲ ದಾಟಿ ಹೋದರು. ಒಬ್ಬ ಗಂಡಸು ಹೋಗುತ್ತಾ, "ದೇವೀಚಾ ನವಸ್ ಆಹೇ ಕಾ?" ಅಂತ ಕೇಳಿದರು. ಹರಕೆಯಾ ಅಂತ. ಇಲ್ಲ ಅಂದೆ. "ಮಗ ಕಶಾಲಾ?" ಮತ್ತೆ ಯಾಕೆ? ಅಷ್ಟು ಹೊತ್ತಿಗೆ ಎಡ ಹಿಮ್ಮಡಿಗೆ ಏನೋ ಚುಚ್ಚಿತು. ಉತ್ತರ ಹೇಳುವ ಕೆಲಸ ತಪ್ಪಿತು. ಕಾಲೆತ್ತಿ ನೋಡಿದೆ, ಏನೂ ಕಾಣಲಿಲ್ಲ. ರಕ್ತವೂ ಇಲ್ಲ. ಕೈಯಲ್ಲಿ ಒರೆಸಿಕೊಂಡು ಮುಂದೆ ಹೋದೆ.

ಉಳಿದ ಮೂರು ಕಿಲೋಮೀಟರ್ ಆ ಹಿಮ್ಮಡಿಯನ್ನು ಊರದೆ ಓಡಿದೆ. ಬಿಸಿಲು ಬಂದಿತ್ತು. ಎಡಗಾಲಿನ ಎರಡನೇ ಬೆರಳಿನ ಬುಡ ಉರಿಯುತ್ತಿತ್ತು, ಕಾಲುಂಗುರ ಇದ್ದ ಅದೇ ಬಿಳಿ ಪಟ್ಟಿ. ನಾಲ್ಕು ತಿಂಗಳಲ್ಲಿ ಪಾದವೆಲ್ಲ ಗಟ್ಟಿಯಾದರೂ ಅಲ್ಲಿ ಮಾತ್ರ ಇನ್ನೂ ಎಳೆಯ ಚರ್ಮ. ಗುರಿ ದಾಟಿದಾಗ ಗಡಿಯಾರದಲ್ಲಿ 1 ಗಂಟೆ 24 ನಿಮಿಷ. ಶೂ ಹಾಕಿ ನಾನು ಹತ್ತು ಕಿಲೋಮೀಟರನ್ನು 1 ಗಂಟೆ 12ಕ್ಕೆ ಮುಗಿಸುವವಳು. ಮೆಡಲ್ ಹಾಕಿದ ಹುಡುಗ ಎಲ್ಲರಿಗೂ ಹೇಳುವ ಹಾಗೆ ಕಂಗ್ರ್ಯಾಟ್ಸ್ ಅಂದ. ಆಮೇಲೆ ಕೆಳಗೆ ನೋಡಿ, "ಅರೇ" ಅಂದ.

ಬ್ಯಾಗ್ ಕೌಂಟರಿನಲ್ಲಿ ನನ್ನ ಬ್ಯಾಗ್ ಇರಲಿಲ್ಲ.

ನಲವತ್ತು ನಿಮಿಷ ಹುಡುಕಿದರು. ನನ್ನ ನಂಬರಿನ ಜಾಗದಲ್ಲಿ ಬೇರೆ ಯಾರದ್ದೋ ಕಪ್ಪು ಬ್ಯಾಗ್ ಇತ್ತು. ನಾಳೆ ಫೋನ್ ಮಾಡುತ್ತೇವೆ ಅಂದರು. ಪುಣ್ಯಕ್ಕೆ ಫೋನು, ಪಾಸು ಸೊಂಟದ ಚೀಲದಲ್ಲಿತ್ತು. ಹೋದದ್ದು ಒಂದು ಟವೆಲ್, ಒಂದು ಬಾಳೆಹಣ್ಣು, ಮತ್ತು ಚಪ್ಪಲಿ. ಅಷ್ಟು ತಿಂಗಳು ಚಪ್ಪಲಿ ಬೇಡ ಬೇಡ ಅಂದವಳಿಗೆ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಅದೊಂದೇ. ಎಷ್ಟು ಸಿಟ್ಟು ಬಂತೆಂದರೆ, ಅಲ್ಲಿದ್ದ ಹುಡುಗನಿಗೆ "ನನ್ನ ಚಪ್ಪಲಿ ಕೊಡಿ" ಅಂತ ಕೂಗಿದೆ. ಸುತ್ತ ಇದ್ದವರೆಲ್ಲ ನನ್ನ ಕಾಲು, ನನ್ನ ಮೆಡಲ್, ನನ್ನ ಮುಖ ಮೂರನ್ನೂ ನೋಡಿದರು. (ಬ್ಯಾಗ್ ಬುಧವಾರ ಸಿಕ್ಕಿತು. ಬಾಳೆಹಣ್ಣು ಒಳಗೇ ಇತ್ತು. ಬಿಡಿ.)

ಶೇರ್ ರಿಕ್ಷಾದಲ್ಲಿ ಬಾಂದ್ರಾ ಸ್ಟೇಷನ್. ಅಲ್ಲಿಂದ ಎರಡೇ ಸ್ಟೇಷನ್, ಮಾಟುಂಗಾ ರೋಡ್. ಓಡುವಾಗ ಕಾಲಿಗೆ ಒಂದು ಗತ್ತಿರುತ್ತದೆ. ಬಾಂದ್ರಾ ಸ್ಟೇಷನ್ನಿನ ಸೇತುವೆಯ ಮೇಲೆ ಆ ಗತ್ತು ಇರಲಿಲ್ಲ. ಪಾನಿನ ಕೆಂಪು, ಯಾರೋ ಚೆಲ್ಲಿದ ಚಹಾ, ಮೀನಿನ ಬುಟ್ಟಿಯಿಂದ ತೊಟ್ಟಿಕ್ಕಿದ ನೀರು. ಎಲ್ಲವನ್ನೂ ಒಂದೊಂದಾಗಿ ದಾಟಿದೆ. ಡಬ್ಬಿಯಲ್ಲಿ ಎದುರಿಗೆ ಬರಿಗಾಲಿನ ಇನ್ನೊಬ್ಬಳು ಕೂತಿದ್ದಳು, ಕಿವಿಯೋಲೆ, ಕ್ಲಿಪ್ಪು ಮಾರುವ ಹುಡುಗಿ. ಹನ್ನೆರಡು ವರ್ಷ ಇರಬಹುದು. ಹೆಬ್ಬೆರಳಿನ ಉಗುರು ಒಡೆದಿತ್ತು. ಅವಳು ನನ್ನ ಕಾಲು ನೋಡಿದಳು, ಮೆಡಲ್ ನೋಡಿದಳು. "ಕಿತನೇ ಕಾ ಹೈ?" ಅಂತ ಕೇಳಿದಳು. ಮಾರುವುದಲ್ಲ ಅಂದೆ. ಅವಳು ನಕ್ಕು, ಇಳಿದು ಪಕ್ಕದ ಡಬ್ಬಿಗೆ ಓಡಿದಳು. ಸದ್ದೇ ಇಲ್ಲದೆ.

ಮೆಡಲ್ ತೆಗೆದು ಸೊಂಟದ ಚೀಲಕ್ಕೆ ಹಾಕಿದೆ.

ಹಸಿವು ತಡೆಯಲಾಗದೆ ಮಾಟುಂಗಾ ಪೂರ್ವಕ್ಕೆ ದಾಟಿ, ನಾವು ಯಾವಾಗಲೂ ಹೋಗುವ ಉಡುಪಿ ಹೋಟೆಲಿಗೆ ಹೋದೆ. ಭಾನುವಾರದ ಸಾಲು ಬೀದಿಯ ತನಕ. ಗಲ್ಲೆಯಲ್ಲಿ ಕೂತಿದ್ದವರು ನಮ್ಮ ಕಡೆಯವರೇ, ಅಪ್ಪನ ಪರಿಚಯ. ಕಾಲು ನೋಡಿದರು. "ಹರಕೆಯಾ?" ಬೆಳಿಗ್ಗೆಯಿಂದ ಇಲ್ಲ ಇಲ್ಲ ಅಂದು ಸಾಕಾಗಿತ್ತು. ಹೌದು ಅಂದೆ. ಸಾಲು ತಪ್ಪಿಸಿ ಒಳಗೆ ಕೂರಿಸಿದರು. ಎರಡು ಇಡ್ಲಿ, ಒಂದು ನೀರುದೋಸೆ, ಕಾಪಿ. ದೇವಿ ಕ್ಷಮಿಸಲಿ.

ಮನೆಗೆ ಬಂದು ಕಾಲು ತೊಳೆಯುವಾಗ ಹಿಮ್ಮಡಿ ಮತ್ತೆ ಚುಚ್ಚಿತು. ಅಮ್ಮ ಒಂದು ಮಾತೂ ಆಡದೆ ಸೂಜಿಯನ್ನು ಗ್ಯಾಸಿನ ಬೆಂಕಿಗೆ ಹಿಡಿದು ತಂದರು. ನೆಲಕ್ಕೆ ಪೇಪರ್ ಹಾಸಿ, ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡರು. ಮಗ ಫೋನಿನ ಟಾರ್ಚ್ ಹಿಡಿದ. ಕನ್ನಡಕ ಮೂಗಿನ ತುದಿಗೆ ತಂದು, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಜಾಗ ಹುಡುಕಿದರು. ಗಟ್ಟಿ ಚರ್ಮದ ಮೇಲೆ ಒಂದು ಕರಿ ಚುಕ್ಕೆ. ಅದರ ಸುತ್ತ ಸೂಜಿಯ ತುದಿಯಿಂದ ಪದರ ಪದರವಾಗಿ ಬಿಡಿಸಿದರು, ಹಲಸಿನ ತೊಳೆ ಬಿಡಿಸುವಷ್ಟು ತಾಳ್ಮೆಯಿಂದ. "ಅವ್ರ ಕಾಲೂ ಹಿಂಗೇ ಗಟ್ಟಿ ಇದ್ದಿತ್ತು" ಅಂದರು, ನನಗಲ್ಲ, ಕಾಲಿಗೆ. ಕೊನೆಗೆ ಉಗುರಲ್ಲಿ ಹಿಡಿದು ಎಳೆದು ಪೇಪರಿನ ಮೇಲೆ ಇಟ್ಟರು. ಗಾಜಿನ ಚೂರು. ಸಾಸಿವೆ ಕಾಳಿನ ಅರ್ಧ ಇರಲಿಲ್ಲ.

ಮಗ ಟಾರ್ಚನ್ನು ಅದರ ಹತ್ತಿರ ತಂದು, ಬಗ್ಗಿ ನೋಡಿದ.

"ಇಷ್ಟಕ್ಕಾ ಮೂರು ಕಿಲೋಮೀಟರ್ ಕುಂಟಿದ್ದು?"